ಜಾಂಬಿಯಾದಲ್ಲಿ ಒಂದೇ ಬರಕ್ಕೆ ಹೊರಗಿನ ಧಾನ್ಯ ಯಾಕೆ ಬೇಕಾಯಿತು?

ನಿಮ್ಮ ಪ್ರಶ್ನೆ ಇದು: ಆಫ್ರಿಕಾದ ಜಾಂಬಿಯಾದಲ್ಲಿ ಜಾಂಬೆಜಿಯಂಥ ದೊಡ್ಡ ನದಿ ಇದೆ, 2023ರಲ್ಲಿ ಬೆಳೆಯೂ ಚೆನ್ನಾಗಿ ಬಂದಿತ್ತು. ಆದರೂ 2024ರ ಒಂದೇ ಬರಕ್ಕೆ ಆ ದೇಶ ಬೇರೆಯವರ ಮುಂದೆ ಕೈಚಾಚಬೇಕಾಯಿತು ಯಾಕೆ? ನಮ್ಮಲ್ಲಿ ಅಷ್ಟೊಂದು ಅಕ್ಕಿ ಇದೆಯಲ್ಲ, ಕಳಿಸಿದ್ದರೆ ಆಗುತ್ತಿರಲಿಲ್ಲವಾ?

ನಾನು ದಾವಣಗೆರೆ ಕಡೆಯವನು. ಕೆಲವು ವರ್ಷಗಳಿಂದ ಇಲ್ಲಿಯ ರಾಜಧಾನಿ ಲುಸಾಕಾದ ಒಂದು ಮೆಕ್ಕೆಜೋಳದ ಹಿಟ್ಟಿನ ಗಿರಣಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಆ ವರ್ಷ ಏನಾಯಿತು ಅಂತ ಗಿರಣಿ ಗೇಟಿನಲ್ಲೇ ನಿಂತು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಊಟದ ವಿಷಯ. ಇಲ್ಲಿಯವರ ಊಟ ನ್‌ಶಿಮಾ. ನೀರು ಕಾಯಿಸಿ, ಸ್ವಲ್ಪ ಮೆಕ್ಕೆಜೋಳದ ಹಿಟ್ಟು ಹಾಕಿ ಗಂಜಿ ಮಾಡಿ, ಅದು ಕುದಿಯುವಾಗ ಇನ್ನಷ್ಟು ಹಿಟ್ಟು ಸುರಿದು ಮರದ ಕೋಲಿನಲ್ಲಿ ತಿರುವುತ್ತಾರೆ. ಬಲಗೈಯಲ್ಲಿ ತುತ್ತು ಮುರಿದು, ಉಂಡೆ ಮಾಡಿ, ಸೊಪ್ಪಿಗೋ ಒಣಮೀನಿಗೋ ಅದ್ದಿ ತಿನ್ನುತ್ತಾರೆ. ನಮ್ಮ ಮುದ್ದೆಯೇ, ಬಣ್ಣ ಮಾತ್ರ ಬಿಳಿ. ಆ ಬಿಳಿಯಲ್ಲೇ ಅರ್ಧ ಸಮಸ್ಯೆ ಇದೆ. ದಾವಣಗೆರೆ ಮಾರ್ಕೆಟ್ಟಿಗೆ ಬರುವ ಮೆಕ್ಕೆಜೋಳ ಹಳದಿ, ಜಾಸ್ತಿ ಹೋಗುವುದು ಕೋಳಿ ಫೀಡಿಗೆ. ಪ್ರಪಂಚದಲ್ಲಿ ಮಾರಾಟವಾಗುವ ಮೆಕ್ಕೆಜೋಳದಲ್ಲೂ ಹೆಚ್ಚಿನದು ಹಳದಿಯೇ. ಇಲ್ಲಿ ಜನ ಉಣ್ಣುವುದು ಬಿಳಿ ಮೆಕ್ಕೆಜೋಳ. ಅದು ಸಿಗುವ ಜಾಗಗಳು ಕಡಿಮೆ.

ಇನ್ನು ಮಳೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಂದೇ ಮಳೆಗಾಲ. ಮುಂಗಾರು ಕೈಕೊಟ್ಟರೆ ಹಿಂಗಾರು ನೋಡೋಣ ಎನ್ನುವ ಹಾಗಿಲ್ಲ. 2023ರಲ್ಲಿ ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಬಿತ್ತಲ್ಲ, ಆಗಿನ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗುವುದು) ಇಲ್ಲಿಗೆ ಬಂದಾಗ ಸರಿಯಾಗಿ ಬಿತ್ತನೆ ಮುಗಿದಿತ್ತು. 2024ರ ಜನವರಿ ಮಧ್ಯದಿಂದ ಮಳೆ ನಿಂತುಹೋಯಿತು. ಸೂಲಂಗಿ (ಮೆಕ್ಕೆಜೋಳದ ಹೂ) ಬಿಡುವ ಹೊತ್ತು ಅದು. ಆಗ ನೀರು ತಪ್ಪಿದರೆ ದಂಟು ಹಸಿರಾಗಿಯೇ ಕಾಣುತ್ತದೆ, ತೆನೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು. ಫೆಬ್ರವರಿ 29ರಂದು ಅಧ್ಯಕ್ಷ ಹಕೈಂಡೆ ಹಿಚಿಲೆಮಾ ರಾಷ್ಟ್ರೀಯ ವಿಪತ್ತು ಘೋಷಿಸಿದರು. 116 ಜಿಲ್ಲೆಗಳಲ್ಲಿ 84 ಜಿಲ್ಲೆಗೆ ಬರ. ಬಿತ್ತಿದ್ದ ಸುಮಾರು 22 ಲಕ್ಷ ಹೆಕ್ಟೇರ್ ಮೆಕ್ಕೆಜೋಳದಲ್ಲಿ 10 ಲಕ್ಷ ಹೆಕ್ಟೇರ್ ಹಾಳು. ಹಿಂದಿನ ವರ್ಷ 32 ಲಕ್ಷ ಟನ್ ದಾಟಿದ್ದ ಫಸಲು ಸುಮಾರು 15 ಲಕ್ಷ ಟನ್ನಿಗೆ ಇಳಿಯಿತು.

ನದಿ ಇದೆ, ನಿಜ. ಆದರೆ ಸಣ್ಣ ರೈತರ ಹೊಲಕ್ಕೆ ಕಾಲುವೆ ಇಲ್ಲ. ಹೆಚ್ಚಿನವರದು ಮಳೆ ನಂಬಿದ ಬೇಸಾಯ. ಅದರ ಮೇಲೆ ಆ ನದಿಯೇ ಇನ್ನೊಂದು ಪೆಟ್ಟು ಕೊಟ್ಟಿತು. ಆಗ ದೇಶದ ಕರೆಂಟಿನಲ್ಲಿ 80 ಪರ್ಸೆಂಟಿಗಿಂತ ಹೆಚ್ಚು ನೀರಿನಿಂದಲೇ ಬರುತ್ತಿತ್ತು. ಜಾಂಬೆಜಿಗೆ ಕಟ್ಟಿದ ಕರೀಬಾ ಅಣೆಕಟ್ಟಿನಲ್ಲಿ ಕರೆಂಟಿಗೆ ಬಳಸುವ ನೀರು ಬಹುತೇಕ ಖಾಲಿಯಾಯಿತು. ದಿನಕ್ಕೆ ಮೂರು ನಾಲ್ಕು ಗಂಟೆ ಕರೆಂಟ್ ಬಂದರೆ ಅದೇ ಭಾಗ್ಯ ಎನ್ನುವ ಸ್ಥಿತಿ. ಕಾಳು ಸಿಕ್ಕಿದವರಿಗೂ ಬೀಸಿಸಲು ಆಗುತ್ತಿರಲಿಲ್ಲ. ಬಡಾವಣೆಗಳ ಸಣ್ಣ ಗಿರಣಿಗೆ ಇಲ್ಲಿ ಚಿಗಾಯೊ ಎನ್ನುತ್ತಾರೆ. ಹೆಂಗಸರು ರಾತ್ರಿ ಹನ್ನೊಂದಕ್ಕೆ ಬಕೆಟ್ಟಿನಲ್ಲಿ ಕಾಳು ಇಟ್ಟುಕೊಂಡು, ಕರೆಂಟ್ ಬರಲಿ ಅಂತ ಅದರ ಮುಂದೆ ಕೂತಿರುತ್ತಿದ್ದರು. ಮಕ್ಕಳು ಅಲ್ಲೇ ಮಲಗಿಬಿಡುತ್ತಿದ್ದವು.

ನಮ್ಮ ಗಿರಣಿಯಲ್ಲಿ ಲಾರಿ ಇಳಿಸುವಾಗ ಚೀಲ ಹರಿದು ಒಂದಿಷ್ಟು ಕಾಳು ಚೆಲ್ಲುತ್ತದೆ. ಆ ವರ್ಷ ಗೇಟಿನಾಚೆ ದಿನಾ ಇಪ್ಪತ್ತು ಮೂವತ್ತು ಹೆಂಗಸರು ಕಾಯುತ್ತಿದ್ದರು. ಲಾರಿ ಹೋದ ಮೇಲೆ ಮಣ್ಣಿನ ಸಮೇತ ಗುಡಿಸಿ, ಸೊಂಟಕ್ಕೆ ಸುತ್ತಿಕೊಂಡ ಚಿಟೆಂಗೆ ಬಟ್ಟೆ ಬಿಚ್ಚಿ ಅದರಲ್ಲಿ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ರಸ್ತೆ ಪಕ್ಕ ಕೂತು ಒಂದೊಂದೇ ಕಾಳು ಆರಿಸುತ್ತಿದ್ದರು. ಅದನ್ನು ನೋಡಿದ ದಿನ ನನಗೆ ಡಬ್ಬಿ ಬಿಚ್ಚಿ ಊಟ ಮಾಡಲು ಆಗಲಿಲ್ಲ.

ಹಾಗಾದರೆ 2023ರ ಬೆಳೆ ಎಲ್ಲಿ ಹೋಯಿತು? ಒಳ್ಳೆ ಬೆಳೆ ಬಂದ ವರ್ಷ ರೈತ ಮಾರಿಬಿಡುತ್ತಾನೆ. ಅವನಿಗೆ ಸ್ಕೂಲ್ ಫೀಸು, ಗೊಬ್ಬರದ ಖರ್ಚು ಇರುತ್ತದಲ್ಲ. ಸರ್ಕಾರದ ಆಹಾರ ದಾಸ್ತಾನು ಸಂಸ್ಥೆ ಒಂದಿಷ್ಟು ಕೊಂಡಿಡುತ್ತದೆ. ಉಳಿದದ್ದು ವ್ಯಾಪಾರಿಗಳ ಕೈಗೆ. ಉತ್ತರಕ್ಕೆ ಕಾಂಗೋದ ಗಣಿ ಊರುಗಳಿವೆ, ಅಲ್ಲಿ ರೇಟು ಜಾಸ್ತಿ. ಗಡಿ ದಾಟಿ ಹಿಟ್ಟಿನ ಚೀಲ ಕದ್ದು ಸಾಗಿಸುವುದು ಇಲ್ಲಿ ಹಳೆಯ ಕಥೆ.

ಇನ್ನೊಂದು ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಉತ್ತರ ಜಾಂಬಿಯಾದ ಬೆಂಬಾ ಜನ ಹಿಂದೆ ರಾಗಿ ಮುದ್ದೆಯನ್ನೇ ಉಣ್ಣುತ್ತಿದ್ದರು. ರಾಗಿ ನಮಗೆ ಬಂದದ್ದೇ ಪೂರ್ವ ಆಫ್ರಿಕಾದಿಂದ. ಒಣ ದಕ್ಷಿಣದಲ್ಲೂ ಜೋಳ, ಸಜ್ಜೆ ಇದ್ದವು. ಸಬ್ಸಿಡಿ ಗೊಬ್ಬರ, ಸರ್ಕಾರಿ ಖರೀದಿ ಎಲ್ಲ ದಶಕಗಳ ಕಾಲ ಮೆಕ್ಕೆಜೋಳದ ಸುತ್ತಲೇ ನಡೆದವು. ನೀರು ಬೇಡುವ ಬೆಳೆಯನ್ನು ನೀರಿಲ್ಲದ ಹೊಲಕ್ಕೂ ತಂದದ್ದು ರೈತನ ತಪ್ಪು ಅಂತ ನಾನು ಒಪ್ಪುವುದಿಲ್ಲ.

ಈಗ ನೆರವಿನ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಬಿಳಿ ಮೆಕ್ಕೆಜೋಳ ಇದೆ, ಆದರೆ ಹೆಚ್ಚಿನದು ಕುಲಾಂತರಿ, ಅಂದರೆ ಲ್ಯಾಬಿನಲ್ಲಿ ಜೀನ್ ಬದಲಿಸಿದ ತಳಿ. 2002ರ ಬರದಲ್ಲಿ ಅಧ್ಯಕ್ಷ ಲೆವಿ ಮ್ವನವಾಸಾ ಅಂಥ ನೆರವಿನ ಮೆಕ್ಕೆಜೋಳ ಬೇಡವೆಂದು ತಿರಸ್ಕರಿಸಿದ್ದರು. ಈ ಸಲ ತಾಂಜಾನಿಯಾದಿಂದ 6.5 ಲಕ್ಷ ಟನ್ ಕೊಳ್ಳುವ ಒಪ್ಪಂದವಾಯಿತು. ಆದರೆ ಎರಡು ದೇಶಗಳ ನಡುವಿನ ನಕೊಂಡೆ ಗಡಿಯಲ್ಲಿ ಲಾರಿಗಳ ಸಾಲು. ಕಾಗದದ ಮೇಲೆ ಬಂದ ಧಾನ್ಯ ಹೊಟ್ಟೆಗೆ ಬರಲು ತಿಂಗಳುಗಳು ಹಿಡಿದವು. ಅಕ್ಕಿ ವಿಷಯ ಕೇಳಿದಿರಿ. 2023ರ ಜುಲೈನಲ್ಲಿ ನಮ್ಮ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನೇ ನಿಲ್ಲಿಸಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಭಾರತ ಜಾಂಬಿಯಾಕ್ಕೆ 1,300 ಟನ್ ಮೆಕ್ಕೆಜೋಳ ಕಳಿಸಿತು. ಸುದ್ದಿ ಓದಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಆ ವರ್ಷದ ಕೊನೆಗೆ ತೀವ್ರ ಹಸಿವಿಗೆ ಸಿಕ್ಕುವವರು 58 ಲಕ್ಷ ಅಂತ ಅಂದಾಜಿತ್ತು. ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಿಡಿದರೂ ಅದು ಅರ್ಧ ದಿನದ ಊಟ.

ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು. ನಮ್ಮ ಗಿರಣಿಯ ಮಷಿನ್ ನೋಡುವ ಹುಡುಗ ದಕ್ಷಿಣ ಪ್ರಾಂತ್ಯದ ಮೊಂಜೆ ಕಡೆಯವನು. ಅವರ ತಂದೆ ಹಿಟ್ಟು ಕೊಳ್ಳಲು 2024ರ ಆಗಸ್ಟ್‌ನಲ್ಲಿ ಜೋಡೆತ್ತು ಮಾರಿದರು. ಬರದ ಸಹಾಯಧನ ಅವರ ಕೈಸೇರಿದ್ದು ಅದಾದ ಮೇಲೆ. ಆ ವರ್ಷದ ಕೊನೆಗೆ ಮಳೆ ಚೆನ್ನಾಗಿ ಬಂತು, 2025ರಲ್ಲಿ ದೇಶ 36 ಲಕ್ಷ ಟನ್ ಬೆಳೆದು ದಾಖಲೆ ಮಾಡಿತು. ಅವರ ತಂದೆಗೆ ಉಳಲು ಎತ್ತಿರಲಿಲ್ಲ. ಪಕ್ಕದವರ ಬಿತ್ತನೆ ಮುಗಿಯುವ ತನಕ ಕಾದು, ಬಾಡಿಗೆ ಎತ್ತಿನಲ್ಲಿ ಅರ್ಧ ಹೊಲ ಬಿತ್ತಿದರು.