ಸಾಲ್ಟ್ ಲೇಕ್ ಸಮ್ಮೇಳನಕ್ಕೆ ಹೋಗಬೇಕಾ? ಮೊದಲು ಬೇಟೆ ಲೈಸೆನ್ಸ್ ಮಾಡಿಸಿ

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಕುಟ್ಟಿ ಮುಗಿಸುವಂಥದ್ದಲ್ಲ ಅನಿಸಿ ಇವತ್ತು ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಈಗಷ್ಟೇ ಓದುತ್ತಿರುವವರಿಗೆ ಸಂಗತಿ ಇಷ್ಟು: ಪ್ರಶ್ನೆ ಕೇಳಿದವರು ವಿರಾಜಪೇಟೆ ಕಡೆಯವರು, ಡಲ್ಲಾಸ್ ಹತ್ತಿರ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಮೂರು ವರ್ಷದಿಂದ ಇದ್ದಾರೆ. ಶನಿವಾರ ಗೆಳೆಯರ ಜೊತೆ ಕ್ಲೇ, ಅಂದರೆ ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು, ಕೋವಿಯಲ್ಲಿ ಹೊಡೆಯಲು ಹೋಗುತ್ತಾರೆ. ಈ ವರ್ಷ, ಅಂದರೆ 2025ರ ಸೆಪ್ಟೆಂಬರ್ 26ರಿಂದ 28ರವರೆಗೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಗನ್ ರೈಟ್ಸ್ ಪಾಲಿಸಿ ಕಾನ್ಫರೆನ್ಸ್ ಅನ್ನುವ ಕೋವಿ ಹಕ್ಕುಗಳ ಸಮ್ಮೇಳನ ಇದೆ, ಹೋಗುವ ಆಸೆ. ಮನೆಯವರು "ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಊರಿಗೇ ಹೋಗೋಣ" ಅನ್ನುತ್ತಿದ್ದಾರೆ. ಜೊತೆಗೆ ವೀಸಾಗೆ ಏನಾದರೂ ತೊಡಕಾದೀತಾ ಅನ್ನುವ ಅಳುಕು.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಈ ವರ್ಷ ಬಿಡಿ. ಸಮ್ಮೇಳನ ಕೆಟ್ಟದ್ದು ಅಂತಲ್ಲ. 2023ರಲ್ಲಿ ಅದು ಫೀನಿಕ್ಸ್‌ನಲ್ಲಿ ನಡೆದಾಗ ನಾನು ಚಾಂಡ್ಲರ್‌ನ ಮನೆಯಿಂದ ದಿನಾ ಕಾರಲ್ಲಿ ಹೋಗಿ ಬಂದೆ, ಕೂತು ಕೇಳಿದ್ದು ವ್ಯರ್ಥವಾಯಿತು ಅನಿಸಲಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಸಮ್ಮೇಳನಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ನಡುವೆ ಸುಮ್ಮನೆ ಬರೆದ ಒಂದು ಸಾಲು: "ಕೋವಿ ಗೆಳೆಯನದ್ದು, ನನ್ನ ಹೆಸರಲ್ಲಿ ಏನೂ ಇಲ್ಲ."

ಇದೇ ಕಷ್ಟ ನೋಡಿ. ಇಲ್ಲಿನ ಫೆಡರಲ್ ಕಾನೂನು ಕೋವಿ ಯಾರ ಹೆಸರಲ್ಲಿದೆ ಅಂತ ಕೇಳುವುದಿಲ್ಲ, ಯಾರ ಕೈಯಲ್ಲಿತ್ತು ಅಂತ ಕೇಳುತ್ತದೆ. ಎಚ್-1ಬಿ, ಓದಲು ಬಂದವರ ಎಫ್-1, ಕಂಪನಿಯೇ ಕಳಿಸಿದವರ ಎಲ್-1 ಹೀಗೆ ನಾನ್‌ಇಮಿಗ್ರಂಟ್, ಅಂದರೆ ಕಾಯಂ ವಾಸಕ್ಕಲ್ಲದ ವೀಸಾ ಮೇಲೆ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹತ್ತು ನಿಮಿಷ ಹೊಡೆದರೂ ಅದು ಇಟ್ಟುಕೊಂಡ ಲೆಕ್ಕವೇ. ಕಾರಿನ ಡಿಕ್ಕಿಯಲ್ಲಿ ಒಂದು ಡಬ್ಬ ತೋಟಾ ಉಳಿದಿದ್ದರೂ ಅಷ್ಟೇ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ, ಅದಕ್ಕೇ ನಿಮ್ಮ ಗೆಳೆಯರಿಗೆ ಇದು ಹೊಳೆದೇ ಇಲ್ಲದಿರಬಹುದು.

ಇದಕ್ಕೆ ಕಾನೂನೇ ಬಿಟ್ಟ ಒಂದು ಬಾಗಿಲಿದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇದ್ದರೆ ಆ ನಿಷೇಧ ನಿಮಗೆ ತಾಗುವುದಿಲ್ಲ. ನೀವು ಬೇಟೆಗೆ ಹೋಗಲೇಬೇಕು ಅಂತಿಲ್ಲ, ಲೈಸೆನ್ಸ್ ಇರಬೇಕು. ನಾನು ಎಚ್-1ಬಿಯಲ್ಲಿದ್ದ ಆರು ವರ್ಷವೂ ಅರಿಜೋನಾದ ಬೇಟೆ ಲೈಸೆನ್ಸನ್ನು ಡ್ರೈವಿಂಗ್ ಲೈಸೆನ್ಸಿನ ಹಿಂದೆಯೇ ಸಿಕ್ಕಿಸಿಕೊಂಡಿರುತ್ತಿದ್ದೆ. ಒಂದು ಮೊಲವನ್ನೂ ಹೊಡೆದವನಲ್ಲ.

ಟೆಕ್ಸಾಸ್‌ನಲ್ಲಿ ಒಂದು ಕೊಕ್ಕೆ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. ಅಲ್ಲಿನ ವಾರ್ಷಿಕ ಬೇಟೆ ಲೈಸೆನ್ಸ್ ನೀವು ಯಾವಾಗ ಕೊಂಡಿರಿ ಅಂತ ನೋಡುವುದಿಲ್ಲ, ಆಗಸ್ಟ್ 31ಕ್ಕೆ ಸತ್ತೇ ಹೋಗುತ್ತದೆ. ಜುಲೈನಲ್ಲಿ ಕೊಂಡು "ಇನ್ನು ಒಂದು ವರ್ಷ ನಿಶ್ಚಿಂತೆ" ಅಂದುಕೊಂಡವರು ಸೆಪ್ಟೆಂಬರ್ ಮೊದಲ ಶನಿವಾರ ಕ್ಲೇ ಹೊಡೆಯಲು ಹೋದರೆ ಬರಿಗೈಯಲ್ಲಿ ಹೋದ ಹಾಗೆ. ಹೊಸ ವರ್ಷದ ಲೈಸೆನ್ಸ್ ಆಗಸ್ಟ್ ಮಧ್ಯದಿಂದಲೇ ಮಾರಾಟಕ್ಕೆ ಬರುತ್ತದೆ. ಆರು ತಿಂಗಳಿಗಿಂತ ಹೆಚ್ಚು ಅಲ್ಲೇ ವಾಸವಿದ್ದರೆ ನೀವು ರೆಸಿಡೆಂಟ್, 25 ಡಾಲರ್. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗೆ ಇಳಿಯುವುದಾದರೆ ಹಂಟರ್ ಎಜುಕೇಷನ್ ಅನ್ನುವ ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಹದಿನೇಳು ದಾಟಿದವರು ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದು, ಒಂದು ಭಾನುವಾರದ ಕೆಲಸ. ಮಾಡಿಬಿಡಿ, ಬೇಲಿ ದಾಟುವಾಗ ಕೋವಿ ಹೇಗೆ ಹಿಡಿಯಬೇಕು ಅನ್ನುವ ಪಾಠ ನಮ್ಮೂರಲ್ಲಿ ಅಜ್ಜ ಬೈದು ಕಲಿಸಿದ್ದಕ್ಕಿಂತ ಚೆನ್ನಾಗಿದೆ.

ಇನ್ನೊಂದು ಎಚ್ಚರ. ಬೇಟೆ ಲೈಸೆನ್ಸ್ ಕಾಪಾಡುವುದು ನಿಮ್ಮ ಸ್ಟೇಟಸ್, ಅಂದರೆ ಇಲ್ಲಿ ಕಾನೂನುಬದ್ಧವಾಗಿ ಇರುವ ಹಕ್ಕು, ಸರಿಯಿರುವವರೆಗೆ ಮಾತ್ರ. ಕೆಲಸ ಹೋಗಿ, ಗ್ರೇಸ್ ಅವಧಿಯೂ ಮುಗಿದು, ಸ್ಟೇಟಸ್ ಕೈತಪ್ಪಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ರೆಹೈಫ್ ಪ್ರಕರಣ ಅಂತ ಒಂದಿದೆ. ಯುಎಇಯಿಂದ ಓದಲು ಬಂದ ಹುಡುಗ, ಅಂಕ ಕಡಿಮೆ ಬಂತು ಅಂತ ವಿಶ್ವವಿದ್ಯಾಲಯ ಹೊರಗೆ ಹಾಕಿತು. ಅವನು ವಾಪಸ್ ಹೋಗದೆ ಫ್ಲಾರಿಡಾದಲ್ಲೇ ಉಳಿದ, ಒಂದು ದಿನ ರೇಂಜಿಗೆ ಹೋಗಿ ಗುಂಡು ಹೊಡೆದ. ಅಷ್ಟಕ್ಕೇ ಕೇಸು, ಶಿಕ್ಷೆ. 2019ರಲ್ಲಿ ಸುಪ್ರೀಂ ಕೋರ್ಟು, ತನ್ನ ಸ್ಟೇಟಸ್ ಹೋಗಿದೆ ಅಂತ ಅವನಿಗೆ ಗೊತ್ತಿತ್ತು ಅನ್ನುವುದನ್ನು ಸರ್ಕಾರ ರುಜುವಾತು ಮಾಡಬೇಕು ಅಂತ ಹೇಳಿತು. ಅದೊಂದು ದೊಡ್ಡ ತೀರ್ಪು ನಿಜ. ಆದರೆ ಒಂದು ಮಧ್ಯಾಹ್ನದ ಗುಂಡಿಗೆ ಸುಪ್ರೀಂ ಕೋರ್ಟಿನವರೆಗೆ ಅಲೆಯುವ ಯೋಗ ಯಾರಿಗೂ ಬೇಡ. ಅಂದಹಾಗೆ, ನಿಮ್ಮ ವೀಸಾ ಯಾವುದು ಅಂತ ನಿಮಗೆ ಗೊತ್ತೇ ಇದೆ, ಹಾಗಾಗಿ "ಈ ಕಾನೂನು ನನಗೆ ಗೊತ್ತಿರಲಿಲ್ಲ" ಅನ್ನುವುದು ನಿಮಗೆ ದಾರಿಯಲ್ಲ! ನಾನು ವಕೀಲನಲ್ಲ. ಕಂಪನಿಯ ಇಮಿಗ್ರೇಷನ್ ವಕೀಲರಿಗೆ ಒಂದು ಸಾಲಿನ ಮೇಲ್ ಹಾಕಿ ಖಚಿತ ಮಾಡಿಕೊಳ್ಳಿ. ಈ ವಾರವೇ ಹಾಕಿ, ಅಲ್ಲಿಯವರೆಗೆ ಶನಿವಾರ ಸ್ಕೋರ್ ಬರೆಯುವ ಕೆಲಸ ವಹಿಸಿಕೊಳ್ಳಿ.

ಸರಿ, ಸಮ್ಮೇಳನಕ್ಕೆ ಬರೋಣ. ಸಭೆಯಲ್ಲಿ ಕೂತು ಭಾಷಣ ಕೇಳುವುದಕ್ಕೆ ನಿಮ್ಮ ವೀಸಾ ಅಡ್ಡ ಬರುವುದಿಲ್ಲ. ಕೋವಿ ಮುಟ್ಟುವ ಪ್ರಸಂಗವೇ ಅಲ್ಲಿಲ್ಲ. ನಿಮಗೆ ನಿರಾಸೆಯಾಗುವುದೂ ಇಲ್ಲೇ ಅನ್ನಿ. ಹೊಸ ಹೊಸ ಕೋವಿಗಳನ್ನು ಸಾಲಾಗಿ ಇಟ್ಟಿರುತ್ತಾರಾ ಅಂತ ಕೇಳಿದ್ದೀರಲ್ಲ, ಅದು ಬೇರೆ ಜಾತ್ರೆ. ಜನವರಿಯಲ್ಲಿ ಲಾಸ್ ವೇಗಸ್‌ನ ಶಾಟ್ ಶೋ ವ್ಯಾಪಾರಿಗಳಿಗೆ ಮಾತ್ರ, ನಮ್ಮಂಥವರಿಗೆ ಪ್ರವೇಶವಿಲ್ಲ. ಎನ್‌ಆರ್‌ಎ, ಅಂದರೆ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ವಾರ್ಷಿಕ ಸಭೆಯಲ್ಲಿ ದೊಡ್ಡ ಪ್ರದರ್ಶನ ಇರುತ್ತದೆ. 2024ರಲ್ಲಿ ಅದು ನಿಮ್ಮ ಡಲ್ಲಾಸ್‌ನಲ್ಲೇ ಆಗಿತ್ತು, 2025ರಲ್ಲಿ ಅಟ್ಲಾಂಟಾದಲ್ಲಿ ಆಗಿಹೋಯಿತು. ನೀವು ಹೇಳುತ್ತಿರುವುದನ್ನು ನಡೆಸುವುದು ಸೆಕೆಂಡ್ ಅಮೆಂಡ್‌ಮೆಂಟ್ ಫೌಂಡೇಷನ್ (ಕೋವಿಯ ಹಕ್ಕು ಹೇಳುವ ಸಂವಿಧಾನದ ಎರಡನೇ ತಿದ್ದುಪಡಿಯ ಹೆಸರು) ಮತ್ತು ಅದರ ಜೋಡಿ ಸಂಸ್ಥೆ. ಫೌಂಡೇಷನ್ 1974ರಲ್ಲಿ ಆಲನ್ ಗಾಟ್ಲೀಬ್ ಶುರುಮಾಡಿದ್ದು, ಸಮ್ಮೇಳನ 1986ರಿಂದ. ಈ ಸಲದ್ದು ನಲವತ್ತನೆಯದು. ಅಲ್ಲಿ ಹೋದರೆ ನೋಡಲು ಸಿಗುವುದು ಹೋಟೆಲಿನ ಹಾಲ್, ಸಾಲು ಕುರ್ಚಿ, ವೇದಿಕೆ ಮೇಲೆ ನಾಲ್ಕೈದು ಜನ, ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಹೀಗೇ. ಕನ್ನಡ ಸಾಹಿತ್ಯ ಸಮ್ಮೇಳನದ ಗೋಷ್ಠಿಯಲ್ಲಿ ಕೂತು ಅಭ್ಯಾಸವಿದ್ದವರಿಗೆ ಕಷ್ಟವಾಗದು. ಊಟಕ್ಕೆ ಮಾತ್ರ ಇಲ್ಲಿ ಆ ಗಮ್ಮತ್ತಿಲ್ಲ. ನಾನು ಎರಡನೇ ದಿನ ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡೇ ಹೋದೆ.

ಮಾತೆಲ್ಲ ಕೋರ್ಟಿನದ್ದು. 2008ರ ಹೆಲರ್ ತೀರ್ಪು ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂದಿತು. 2010ರ ಮೆಕ್‌ಡೊನಾಲ್ಡ್ ತೀರ್ಪು ಅದನ್ನು ರಾಜ್ಯಗಳಿಗೂ ನಗರಗಳಿಗೂ ಅನ್ವಯಿಸಿತು, ಷಿಕಾಗೊ ನಗರದ ವಿರುದ್ಧದ ಆ ದಾವೆಯಲ್ಲಿ ಈ ಫೌಂಡೇಷನ್ನೇ ಒಬ್ಬ ಫಿರ್ಯಾದಿ. 2022ರ ಬ್ರೂಯೆನ್, ಹೊರಗೆ ಒಯ್ಯುವ ಲೈಸೆನ್ಸಿಗೆ "ವಿಶೇಷ ಕಾರಣ ತೋರಿಸು" ಅನ್ನುವ ನ್ಯೂಯಾರ್ಕ್ ಪದ್ಧತಿಯನ್ನು ಹೊಡೆದುಹಾಕಿತು. 2024ರ ರಹೀಮಿಯಲ್ಲಿ ಮಾತ್ರ ಕೋರ್ಟು ಎಂಟಕ್ಕೆ ಒಂದರಂತೆ ಇನ್ನೊಂದು ಕಡೆ ನಿಂತಿತು, ಸಂಗಾತಿಯನ್ನು ಬೆದರಿಸಿ ಕೋರ್ಟಿನ ತಡೆಯಾಜ್ಞೆ ಹೊತ್ತವನಿಂದ ಕೋವಿ ಕಿತ್ತುಕೊಳ್ಳಬಹುದು ಅಂತ. ಈ ನಾಲ್ಕನ್ನು ಒಮ್ಮೆ ಓದಿಕೊಂಡು ಹೋಗದಿದ್ದರೆ ಶನಿವಾರ ಹನ್ನೊಂದು ಗಂಟೆಗೆಲ್ಲ ಆಕಳಿಕೆ ಶುರು. ಓದಿಕೊಂಡು ಹೋದರೆ, ಇವುಗಳ ಹಿಂದೆ ಓಡಾಡಿದ ವಕೀಲರೇ ಕಾಫಿ ಸಾಲಿನಲ್ಲಿ ನಿಮ್ಮ ಮುಂದೆ ನಿಂತಿರುತ್ತಾರೆ, ಕೇಳಿದರೆ ಬಾಯಿಬಿಟ್ಟು ಮಾತಾಡುತ್ತಾರೆ. ನನಗೆ ಮೂರು ದಿನದಲ್ಲಿ ಸಿಕ್ಕ ನಿಜವಾದ ಲಾಭ ಆ ಕಾಫಿ ಸಾಲೇ.

ನಮ್ಮ ಬಣ್ಣ ನೋಡಿ ಯಾರಾದರೂ ಏನಾದರೂ ಅಂದರಾ ಅಂತ ಕೇಳಿದ್ದೀರಿ. ನನಗಂತೂ ಇಲ್ಲ. ಬೆಲ್ಟಿಗೆ ದೊಡ್ಡ ಬಕಲ್ ಹಾಕಿದ್ದ ಒಬ್ಬ ಅಜ್ಜ ಪಕ್ಕದಲ್ಲಿ ಕೂತು ಇಂಡಿಯಾದಲ್ಲಿ ಕೋವಿ ಲೈಸೆನ್ಸ್ ಹೇಗೆ ಅಂತ ವಿಚಾರಿಸಿದ. ನಾನು ಸುಳ್ಯದ ನಮ್ಮ ಮನೆಯ ಕಥೆ ಹೇಳಿದೆ. ಅಪ್ಪನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಒಂಟಿ ನಳಿಗೆ ಕೋವಿ. ಚುನಾವಣೆ ಘೋಷಣೆಯಾದ ತಕ್ಷಣ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಯಲ್ಲಿ ಇಟ್ಟು ರಸೀದಿ ತರಬೇಕು. ಮಂಗಗಳಿಗೂ ಹಂದಿಗಳಿಗೂ ನೀತಿಸಂಹಿತೆ ಇಲ್ಲವಲ್ಲ, ಸರಿಯಾಗಿ ಆ ಎರಡು ತಿಂಗಳೇ ತೋಟಕ್ಕೆ ನುಗ್ಗುತ್ತವೆ. ಒಂದು ಸಲ ವಾಪಸ್ ಬಂದಾಗ ನಳಿಗೆಯ ಮೇಲೆ ಹೆಬ್ಬೆರಳಿನಷ್ಟು ಅಗಲ ತುಕ್ಕು. ಅಪ್ಪ ಯಾರಿಗೂ ಏನೂ ಅನ್ನದೆ ಜಗಲಿಯಲ್ಲಿ ಕೂತು ತೆಂಗಿನೆಣ್ಣೆ ಬಟ್ಟೆಯಲ್ಲಿ ಮೂರು ಸಂಜೆ ಉಜ್ಜಿದರು. ಅಜ್ಜನಿಗೆ ಇದು ಅರ್ಥವಾಯಿತು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಅದು ಈಗ 2029ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿದಿದೆ ಅಂದಾಗ ಅವನು ನೋಟ್‌ಪುಸ್ತಕ ತೆಗೆದು ಬರೆದುಕೊಂಡ. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಅಂತ ನೀವು ಹೇಳಿದ್ದರೆ ಇಡೀ ಮೇಜೇ ನಿಮ್ಮ ಸುತ್ತ ಸೇರುತ್ತಿತ್ತು.

ಆದರೂ ಒಂದು ಮಾತು ಮುಚ್ಚಿಡುವುದಿಲ್ಲ. ಅಲ್ಲಿ ಒಂದೇ ಕಡೆಯ ವಾದ ಕೇಳಿಸುತ್ತದೆ. ನನ್ನ ಮಗಳು ಎರಡನೇ ಕ್ಲಾಸಿನಲ್ಲಿ ಲಾಕ್‌ಡೌನ್ ಡ್ರಿಲ್, ಅಂದರೆ ಶಾಲೆಗೆ ಬಂದೂಕುಧಾರಿ ನುಗ್ಗಿದರೆ ಅಡಗುವ ಅಭ್ಯಾಸ, ಮಾಡಿ ಬಂದು, ಮೇಜಿನ ಕೆಳಗೆ ಸದ್ದಿಲ್ಲದೆ ಕೂರುವುದು ಹೇಗೆ ಅಂತ ನನಗೂ ತೋರಿಸಿದ್ದಳು. ಅದು ತಲೆಯಲ್ಲಿಟ್ಟುಕೊಂಡು ಎರಡೂವರೆ ದಿನ ಕೂತಿದ್ದೆ, ನಾನು ಕೇಳಿದ ಗೋಷ್ಠಿಗಳಲ್ಲಿ ಅದಕ್ಕೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ನಾನೂ ಎದ್ದು ಕೇಳಲಿಲ್ಲ, ಅದು ನನ್ನ ತಪ್ಪು.

ಈ ಸಲವೇ ಹೋಗುತ್ತೇನೆ ಅಂತ ಹಟವಿದ್ದರೆ ಕೆಲವು ವಿಷಯ ತಿಳಿದಿರಲಿ. ನೋಂದಣಿಗೆ ದುಡ್ಡಿಲ್ಲ, ಪುಸ್ತಕಗಳ ಚೀಲವನ್ನೂ ಪುಕ್ಕಟೆ ಕೊಡುತ್ತಾರೆ. ವಿಮಾನ, ಹೋಟೆಲು, ಟ್ಯಾಕ್ಸಿ, ಊಟ ಸೇರಿಸಿದರೆ ಎಂಟುನೂರು ಡಾಲರಿಗೆ ಕಡಿಮೆ ಆಗದು ಅಂತ ನನ್ನ ಅಂದಾಜು. ಹೊರಗಿನ ಮೇಜುಗಳಲ್ಲಿ ಯಾರಾದರೂ ಕಾಗದ ಹಿಡಿದು "ಇಲ್ಲೊಂದು ಸಹಿ" ಅಂದರೆ ಅದು ಏನು ಅಂತ ಪೂರ್ತಿ ಓದಿ. ಮತದಾರರ ನೋಂದಣಿಯ ಅರ್ಜಿಯಾಗಿದ್ದರೆ ಅಲ್ಲಿಂದ ದೂರ ಸರಿಯಿರಿ, ನಾಗರಿಕ ಅಂತ ತಪ್ಪಾಗಿ ಟಿಕ್ ಹಾಕಿದ್ದು ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಹುಂಡಿಗೆ ಹಾಕುವಾಗಲೂ ಅಷ್ಟೇ: ಫೌಂಡೇಷನ್‌ನಂಥ ದತ್ತಿ ಸಂಸ್ಥೆಗೆ ಕೊಡಬಹುದು, ಆದರೆ ಅಭ್ಯರ್ಥಿಗೋ ಚುನಾವಣಾ ಸಮಿತಿಗೋ ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಒಂದು ಡಾಲರನ್ನೂ ಕೊಡುವಂತಿಲ್ಲ. ಭಾನುವಾರ ಯಾರಾದರೂ "ಬಾ, ಇಲ್ಲೇ ಹತ್ತಿರ ರೇಂಜಿದೆ" ಅಂತ ಕರೆಯುವುದು ಖಂಡಿತ. ಟೆಕ್ಸಾಸಿನ ಹೊಸ ಲೈಸೆನ್ಸ್ ಜೇಬಿನಲ್ಲಿ ಇಲ್ಲದಿದ್ದರೆ ಕಿವಿಗೆ ಮಫ್ ಹಾಕಿಕೊಂಡು ನೋಡುತ್ತಾ ನಿಲ್ಲಿ. ಫೋಟೊಗೂ ಕೋವಿ ಹಿಡಿಯಬೇಡಿ. ವೀಸಾ ಅರ್ಜಿಯಲ್ಲಿ 2019ರಿಂದ ನಮ್ಮ ಸೋಷಿಯಲ್ ಮೀಡಿಯಾ ಹೆಸರುಗಳನ್ನೂ ಕೇಳುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ಈ ಗುಂಪಿನಲ್ಲಿ ಹೋದ ತಿಂಗಳು ಹಾಕಿದ ಆ ಜೋಡುನಳಿಗೆ ಫೋಟೊ ಬಗ್ಗೆಯೂ ವಕೀಲರನ್ನೇ ಕೇಳಿ, ಅಲ್ಲಿಯವರೆಗೆ ಇನ್ನೊಂದು ಹಾಕಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಆ ಎಂಟುನೂರನ್ನು ಹೀಗೆ ಖರ್ಚು ಮಾಡುತ್ತಿದ್ದೆ. 25 ಡಾಲರ್ ಲೈಸೆನ್ಸಿಗೆ, ಏಳು ಡಾಲರ್ ವಲಸೆ ಹಕ್ಕಿಯ ಪರವಾನಗಿಗೆ. ಸೆಪ್ಟೆಂಬರ್ 1ಕ್ಕೆ ನಿಮ್ಮ ಕಡೆ ಡವ್ (ಕಾಡು ಪಾರಿವಾಳ) ಬೇಟೆಯ ಸೀಸನ್ ತೆರೆಯುತ್ತದೆ, ಗೆಳೆಯರು ಹೇಗೂ ಹೋಗುತ್ತಾರೆ, ಹಂಟರ್ ಎಜುಕೇಷನ್ ಮುಗಿಸಿದ್ದರೆ ಧೈರ್ಯವಾಗಿ ಜೊತೆಗೆ ಹೋಗಬಹುದು. ಕೋವಿಯ ಮ್ಯಾಗಜೀನಿಗೆ (ತೋಟಾ ತುಂಬುವ ಕೊಳವೆಗೆ) ಪ್ಲಗ್ ಹಾಕಿಸಿಕೊಳ್ಳಿ, ಕೋವಿಯಲ್ಲಿ ಒಟ್ಟು ಮೂರು ತೋಟಾಕ್ಕಿಂತ ಹೆಚ್ಚು ಹಿಡಿಯಬಾರದು. ಉಳಿದದ್ದು ಊರಿನ ಟಿಕೆಟ್ಟಿಗೆ ಸೇರಲಿ, ಮನೆಯವರು ಹೇಳುವುದು ಸರಿಯೇ ಇದೆ. ಈ ವರ್ಷದ ಕೈಲ್ ಪೊಳ್ದ್‌ಗೆ, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬಕ್ಕೆ, ಟಿಕೆಟ್ ಸಿಗುವುದು ಕಷ್ಟ, ಬರುವ ವರ್ಷಕ್ಕೆ ಈಗಲೇ ನೋಡಿಡಿ. ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿದ ಅಜ್ಜನ ಕೋವಿಗೆ ಕೈಮುಗಿದು ತೆಂಗಿನಕಾಯಿಗೆ ಗುರಿಯಿಟ್ಟು ಎಷ್ಟು ವರ್ಷವಾಯಿತು ಅಂತ ನೀವೇ ಬರೆದಿದ್ದೀರಲ್ಲ. ಸಮ್ಮೇಳನ ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಗ್ರೀನ್ ಕಾರ್ಡ್ ಸರತಿ ಸಾಗುವ ವೇಗ ನೋಡಿದರೆ ನೀವು ಹೋಗುವ ಹೊತ್ತಿಗೆ ಅದು ಐವತ್ತನೆಯದಾಗಿರಲೂಬಹುದು.

ಹಂಟರ್ ಎಜುಕೇಷನ್‌ನ ಕೊನೆಯ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ. ವಕೀಲರು ಏನಂದರು ಅನ್ನುವುದನ್ನೂ ಹಾಕಿ, ಎಫ್-1ನಲ್ಲಿರುವ ಹುಡುಗರು ಈ ಗುಂಪಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ.