ಕೈ ನಡುಗುವುದು ಯಾವಾಗ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಕಳೆದ ವರ್ಷ ಅವಳ ಬಲಗಣ್ಣು ನೋವಿನೊಂದಿಗೆ ಮಂಜಾಗಿ, ತಿಂಗಳೊಳಗೆ ತಾನಾಗಿಯೇ ಸರಿಹೋಯಿತು. ಈಗ ಎರಡು ವಾರಗಳಿಂದ ನೀರಿನ ಲೋಟಕ್ಕೆ ಕೈ ಚಾಚಿದರೆ ಕೈ ನಡುಗುತ್ತದೆ, ನಡೆಯುವಾಗ ಓಲಾಡುತ್ತಾಳೆ. ಬಿಸಿನೀರಿನ ಸ್ನಾನವಾದ ಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮತ್ತೆ ಮಂಜಾಗುತ್ತದೆ. ನಮ್ಮ ತಾತನಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು. ಅದೇ ಇವಳಿಗೂ ಬಂದಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಬರೆದಿರುವ ನಡುಕ ಪಾರ್ಕಿನ್ಸನ್ ಕಾಯಿಲೆಯದ್ದೆಂದು ತೋರುವುದಿಲ್ಲ. ನಿಮ್ಮ ತಾತನವರನ್ನು ನೆನಪಿಸಿಕೊಳ್ಳಿ: ಆ ಕಾಯಿಲೆಯಲ್ಲಿ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ, ಸೆಕೆಂಡಿಗೆ 4ರಿಂದ 6 ಬಾರಿಯಂತೆ ನಡುಗುತ್ತದೆ, ಏನನ್ನಾದರೂ ಹಿಡಿಯಲು ಎತ್ತಿದೊಡನೆ ನಡುಕ ತಗ್ಗುತ್ತದೆ. ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಆರಂಭವಾಗುವ ಅದರೊಂದಿಗೆ ಚಲನೆಯ ನಿಧಾನ ಮತ್ತು ಕೈಕಾಲುಗಳ ಬಿಗಿತವೂ ಇರುತ್ತವೆ. ಅಲ್ಲದೆ ಆ ಕಾಯಿಲೆ ಬಹುಪಾಲು ಜನರಲ್ಲಿ ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ.

ನಿಮ್ಮ ತಂಗಿಯ ಕೈ ಸುಮ್ಮನಿದ್ದಾಗ ನಿಶ್ಚಲವಾಗಿದ್ದು, ಲೋಟ ಹತ್ತಿರವಾದಷ್ಟೂ ಹೆಚ್ಚು ನಡುಗುತ್ತಿದ್ದರೆ, ದೋಷವನ್ನು ಚಲನೆಯ ಹೊಂದಾಣಿಕೆ ನೋಡಿಕೊಳ್ಳುವ ಕಿರುಮೆದುಳಿನಲ್ಲಿ ಅಥವಾ ಅದಕ್ಕೆ ಕೂಡಿಕೊಂಡ ನರಮಾರ್ಗಗಳಲ್ಲಿ ಹುಡುಕಬೇಕಾಗುತ್ತದೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ 1868ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದ ಫ್ರೆಂಚ್ ನರರೋಗ ತಜ್ಞ ಶಾರ್ಕೊ, ಅದನ್ನು ಪಾರ್ಕಿನ್ಸನ್‌ನಿಂದ ಬೇರ್ಪಡಿಸಲು ನೆಚ್ಚಿದ್ದು ನಡುಕದ ಇದೇ ವ್ಯತ್ಯಾಸವನ್ನು. ಎಂಆರ್‌ಐ ಬಂದಿರುವ ಈ ಕಾಲದಲ್ಲಿಯೂ ರೋಗಿಯ ಕೈಯನ್ನು ಎರಡು ನಿಮಿಷ ತಾಳ್ಮೆಯಿಂದ ನೋಡುವುದಕ್ಕೆ ಬದಲಿಯಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೈಲಿನ್ ಹೊದಿಕೆಯ ಮೇಲೆ ಎರಗುತ್ತದೆ. 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ಕಾಯಿಲೆಯ ಗುರುತೆಂದರೆ, ಬೇರೆ ಬೇರೆ ಕಾಲದಲ್ಲಿ, ನರಮಂಡಲದ ಬೇರೆ ಬೇರೆ ಜಾಗಗಳಿಗೆ ಪೆಟ್ಟು ಬೀಳುವುದು. ಕಳೆದ ವರ್ಷ ಕಣ್ಣಿನ ನರ, ಈಗ ಕಿರುಮೆದುಳಿನ ದಾರಿ ಎಂಬಂತೆ ನಿಮ್ಮ ವಿವರಣೆ ಇದಕ್ಕೆ ಹೊಂದಿಕೆಯಾಗುತ್ತದೆ. ಮೈ ಬಿಸಿಯಾದಾಗ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಸಾಗುವುದು ಕಷ್ಟವಾಗುವುದರಿಂದ ಸ್ನಾನದ ನಂತರ ಕಣ್ಣು ಮಂಜಾಗುತ್ತದೆ. ಮೈ ತಣಿದ ಮೇಲೆ ಅದು ಹೋಗುತ್ತದೆ, ಅದರಿಂದ ನರಕ್ಕೆ ಹೊಸ ಹಾನಿಯಾಗುವುದಿಲ್ಲ. ಆದರೆ ಒಂದು ದಿನಕ್ಕೂ ಮೀರಿ ಉಳಿಯುವ ಹೊಸ ಲಕ್ಷಣವನ್ನು ಹಾಗೆ ಬಿಡಬಾರದು. ಕುತ್ತಿಗೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುವುದೇ, ಒಂದು ವಸ್ತು ಎರಡಾಗಿ ಕಾಣುವುದೇ, ಮೂತ್ರ ತಡೆದುಕೊಳ್ಳಲಾಗುವುದಿಲ್ಲವೇ ಎಂದು ಅವಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಪತ್ರದ ಮೇಲೆ ರೋಗ ನಿರ್ಣಯಿಸುವುದು ಸರಿಯಲ್ಲ. ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯೂ ಈ ವಯಸ್ಸಿನಲ್ಲಿ ನಡುಕ ತರಬಲ್ಲದು. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಕಾಡುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬುದು ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೇ ಹೋಲುತ್ತದೆ, ಆದರೆ ಒಂದಕ್ಕೆ ಕೊಡುವ ಕೆಲವು ಔಷಧಗಳು ಇನ್ನೊಂದನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದ ಮೆದುಳು ಮತ್ತು ಬೆನ್ನುಹುರಿಯ ಎಂಆರ್‌ಐ ಜೊತೆಗೆ, ಇವೆರಡನ್ನು ಬೇರ್ಪಡಿಸಲು ನೆರವಾಗುವ ಅಕ್ವಾಪೊರಿನ್-4 ಪ್ರತಿಕಾಯದ ರಕ್ತಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಈ ವಾರದಲ್ಲಿಯೇ ನಿಮ್ಮ ಊರಿನ ನರರೋಗ ತಜ್ಞರನ್ನು ಕಾಣಿ, ಅಗತ್ಯವಿದ್ದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಕೊಡುತ್ತಾರೆ. ಹೋಗುವಾಗ ಕಳೆದ ವರ್ಷದ ಕಣ್ಣಿನ ಪರೀಕ್ಷೆಯ ಚೀಟಿಗಳನ್ನು ಮರೆಯದೆ ಒಯ್ಯಿರಿ.