ಗಂಡಸರಿಲ್ಲದ ಮನೆ, ಏಳು ವರ್ಷದ ಮಗು: ಚಿಕ್ಕಮಗಳೂರು ಜಿಲ್ಲೆಯಲ್ಲಿ ಧೈರ್ಯವಾಗಿ ಇರಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬ್ಯಾಂಕ್ ಕೆಲಸ, ಬೆಂಗಳೂರಿನಿಂದ ಮೂಡಿಗೆರೆಗೆ ವರ್ಗ, ಜೊತೆಗೆ ನಿಮ್ಮ ತಾಯಿ ಮತ್ತು ಏಳು ವರ್ಷದ ಮಗಳು. ಜಿಲ್ಲೆಯಲ್ಲಿ ಕ್ರೈಂ ಹೇಗಿದೆ, ಗಂಡಸರಿಲ್ಲದ ಮನೆ ಅಂತ ಗೊತ್ತಾದರೆ ತೊಂದರೆಯಾ ಅಂತ ಕೇಳಿದ್ದೀರಿ.

ಬನ್ನಿ, ಖಂಡಿತ ಇರಬಹುದು. ಬೆಂಗಳೂರಿನಲ್ಲಿ ನೀವು ಹೆದರುತ್ತಿದ್ದ ಎಷ್ಟೋ ವಿಷಯಕ್ಕೆ ಇಲ್ಲಿ ಅಷ್ಟು ಹೆದರಬೇಕಾಗಿಲ್ಲ. ಆದರೆ ಅಲ್ಲಿ ತಲೆಗೇ ಹಾಕಿಕೊಳ್ಳದ ಒಂದೆರಡು ವಿಷಯ ಇಲ್ಲಿ ಹೊಸದಾಗಿ ಕಲಿಯಬೇಕು.

ನಾನು ಕಡೂರು ಕಡೆಯವಳು. ಮದುವೆಯಾಗಿ ಮೂಡಿಗೆರೆ ತಾಲೂಕಿಗೆ ಬಂದು 26 ವರ್ಷ ಆಯಿತು. ಆರು ಎಕರೆ ಕಾಫಿ ತೋಟ ಇದೆ. ನಮ್ಮನೆಯವರು ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಹೊರಗೆ ಇರುತ್ತಾರೆ. ಅಷ್ಟು ದಿನವೂ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಹಾಗಾಗಿ ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ಮಾತು. ಚಿಕ್ಕಮಗಳೂರು ಜಿಲ್ಲೆ ಅಂದರೆ ಒಂದೇ ಥರದ ಊರುಗಳಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಬಯಲುಸೀಮೆ. ಅಲ್ಲಿ ರೈಲಿದೆ, ದೊಡ್ಡ ರಸ್ತೆ ಇದೆ, ಜನ ಬಂದು ಹೋಗುವುದು ಜಾಸ್ತಿ. ಅಲ್ಲಿಯ ಗೋಳು ಏನಿದ್ದರೂ ಪಂಪ್‌ಸೆಟ್ ಕೇಬಲ್ ಕದಿಯುವುದು, ಬೈಕ್ ಹೊಡೆಯುವುದು, ಬೀಗ ಹಾಕಿದ ಮನೆ ನೋಡಿ ನುಗ್ಗುವುದು. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮಲೆನಾಡು. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ. ಕೂಗಿದರೆ ಕೇಳಿಸುವಷ್ಟು ಹತ್ತಿರ ಎಷ್ಟೋ ಕಡೆ ಯಾರೂ ಇರುವುದಿಲ್ಲ. ಜಿಲ್ಲೆಗೆ ಜಿಲ್ಲೆಯನ್ನೇ ಸೇರಿಸಿ ಒಂದು ಅಂಕಿ ಕೊಟ್ಟರೆ ನಿಮಗೆ ಉಪಯೋಗವಿಲ್ಲ.

ಇಲ್ಲಿ ಕಳ್ಳತನ ಅಂದರೆ ಮುಖ್ಯವಾಗಿ ಬೆಳೆಯ ಕಳ್ಳತನ. ಕಾಫಿ, ಮೆಣಸು, ಅಡಿಕೆ. ರೇಟು ಏರಿದ ವರ್ಷ ಕಳ್ಳರ ಕಾಟವೂ ಏರುತ್ತದೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, 50 ಕೆ.ಜಿ. ಮೂಟೆಗೆ 25 ಸಾವಿರ ರೂಪಾಯಿ ದಾಟಿತ್ತು. ಐದಾರು ವರ್ಷದ ಹಿಂದೆ ಅದರ ಅರ್ಧವೂ ಇರಲಿಲ್ಲ. ಕಣದಲ್ಲಿ ಬಿದ್ದಿರುವ ಒಂದು ಮೂಟೆ ಅಂದರೆ ಒಂದು ಒಳ್ಳೆ ಫೋನಿನ ಬೆಲೆ, ಯೋಚನೆ ಮಾಡಿ.

ಆ ಜನವರಿಯಲ್ಲಿ ನಮ್ಮ ಕಣಕ್ಕೂ ಬಂದರು. ಒಣಗಿದ ಕಾಫಿಯನ್ನು ಮೂಟೆ ಕಟ್ಟಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಇಟ್ಟು ಮಲಗಿದ್ದೆವು. ಬೆಳಿಗ್ಗೆ ನೋಡಿದರೆ ಟಾರ್ಪಾಲು ಇದ್ದ ಹಾಗೇ ಇದೆ. ಕಲ್ಲುಗಳೂ ಸಾಲಾಗಿ ಇದ್ದ ಜಾಗದಲ್ಲೇ ಇವೆ. ಎತ್ತಿದರೆ ಹಿಂದಿನ ಸಾಲಿನ ಐದು ಮೂಟೆ ಇಲ್ಲ. ನಾಯಿ ಬೊಗಳಿರಲಿಲ್ಲ. ಒಂದು ಮೂಟೆ ಹರಿದಿತ್ತು ಅಂತ ಕಾಣುತ್ತದೆ, ಕಣದಿಂದ ಗೇಟಿನವರೆಗೂ ಕಾಳು ಚೆಲ್ಲಿಕೊಂಡು ಹೋಗಿದ್ದವು. ಅತ್ತೆ ಬಗ್ಗಿ ಬಗ್ಗಿ ಅವನ್ನೆಲ್ಲ ಸೆರಗಿಗೆ ಹಾಕಿಕೊಂಡರು. ಅದೇ ನನಗೆ ತುಂಬಾ ಸಂಕಟವಾಯಿತು.

ಆಮೇಲೆ ಆದದ್ದು ಇನ್ನೂ ಬೇಸರ. ಸುತ್ತಮುತ್ತಲಿನವರೆಲ್ಲ ಒಂದೇ ಮಾತು: ಲೈನಿನಲ್ಲಿರುವ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿರುವ, ಅಸ್ಸಾಂನವರೇ ತೆಗೆದಿರುವುದು. ನಾನೂ ಹೌದೇನೋ ಅಂದುಕೊಂಡೆ. ಮೂವರು ಹುಡುಗರನ್ನು ಠಾಣೆಗೆ ಕರೆಸಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರಿಸಿದರು. ಎರಡು ತಿಂಗಳ ಮೇಲೆ ಬೇರೊಂದು ಕೇಸಿನಲ್ಲಿ ಇಬ್ಬರು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಹಿಂದಿನ ವರ್ಷ ನಮ್ಮ ಕಣಕ್ಕೇ ಪಿಕಪ್ ತಂದು ಲೋಡ್ ಹಾಕಿಸಿಕೊಂಡು ಹೋಗಿದ್ದವನು, ಹತ್ತಿರದ ಊರಿನವನೇ. ನಾಯಿಗೆ ಅವನ ಗುರುತಿತ್ತು. ಆ ಮೂವರು ಹುಡುಗರ ಹತ್ತಿರ ನಾನು ಕ್ಷಮೆ ಕೇಳಿದೆ. ಅವರು ಏನೂ ಅನ್ನಲಿಲ್ಲ, ಆದರೆ ಮುಂದಿನ ಸೀಸನ್‌ಗೆ ಬರಲೂ ಇಲ್ಲ. ನೀವು ಬಂದ ಮೇಲೆ "ಹೊರಗಿನವರಿಂದಲೇ ಊರು ಕೆಟ್ಟಿತು" ಅನ್ನುವ ಮಾತು ದಿನಾ ಕೇಳುತ್ತೀರಿ. ದಯವಿಟ್ಟು ಅದನ್ನು ಹಾಗೇ ನಂಬಬೇಡಿ.

ದೂರು ಕೊಡಲು ಹೋದ ದಿನ ನಮಗೆ ಠಾಣೆಯಲ್ಲಿ "ನಾಳೆ ಬನ್ನಿ" ಅಂದಿದ್ದರು. ಆಗ ನನಗೆ ತಿಳಿದಿರಲಿಲ್ಲ, ಈಗ ಎಲ್ಲರಿಗೂ ಹೇಳುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 173ನೇ ಕಲಂ ಪ್ರಕಾರ ಇಂಥ ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇಮೇಲ್‌ನಂಥ ದಾರಿಯಲ್ಲೂ ಕಳಿಸಬಹುದು, ಮೂರು ದಿನದ ಒಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಇಷ್ಟು ಗೊತ್ತಿದ್ದು ಮಾತಾಡಿದರೆ ಎದುರಿಗಿರುವವರ ದನಿಯೇ ಬದಲಾಗುತ್ತದೆ.

ಇನ್ನು ಹೆಂಗಸರ ವಿಷಯ. ಸಂಜೆ ಆರೂವರೆ, ಏಳಕ್ಕೆ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವ ಹುಡುಗಿಯರನ್ನು ಮೂಡಿಗೆರೆ ಪೇಟೆಯಲ್ಲಿ ದಿನಾ ನೋಡುತ್ತೀರಿ. ಯಾರೋ ಹಿಂದೆ ಬೀಳುತ್ತಾರೆ ಅಂತ ಅವರು ಹೆದರಿಕೊಂಡು ನಡೆಯುವುದಿಲ್ಲ. ನಿಮ್ಮ ಯಜಮಾನರ ಬಗ್ಗೆ ಮಾತ್ರ ಎಲ್ಲರೂ ಕೇಳುತ್ತಾರೆ. ಅಂಗಡಿಯವರು, ಆಟೋದವರು, ಹಾಲಿನವರು, ಎಲ್ಲರೂ. ಮೊದಲ ತಿಂಗಳು ಅದು ಹಿಂಸೆ ಅನ್ನಿಸುತ್ತದೆ. ಎಷ್ಟು ಬೇಕೋ ಅಷ್ಟು ಹೇಳಿ ಸುಮ್ಮನಾಗಿ.

ಆದರೆ ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ಇಲ್ಲಿ ಕೇಸು ಕಮ್ಮಿ ಅಂದರೆ ತಪ್ಪು ಕಮ್ಮಿ ಅಂತಲೇ ಅಲ್ಲ. ಪಕ್ಕದ ತೋಟದ ಲೈನಿನಲ್ಲಿ ಒಬ್ಬ ಕುಡಿದು ಬಂದು ಹೆಂಡತಿಗೆ ಹೊಡೆಯುವುದು ಇಡೀ ಊರಿಗೆ ಗೊತ್ತಿತ್ತು. ಏಳೆಂಟು ವರ್ಷ ಒಂದು ದೂರೂ ಇಲ್ಲ. ಠಾಣೆಗೆ ಹೋದರೆ ಲೈನ್ ಮನೆ ಬಿಡಬೇಕಾಗುತ್ತದೆ ಅನ್ನುವ ಭಯ ಅವಳಿಗೆ. ಕೊನೆಗೆ ಅಂಗನವಾಡಿ ಟೀಚರ್ ಒಬ್ಬರು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿದರು. ಮನೆಯೊಳಗೆ ನಡೆಯುವುದು, ಗುರುತಿನವರಿಂದಲೇ ಮಕ್ಕಳಿಗೆ ಆಗುವ ತೊಂದರೆ, ಇವು ಮರ್ಯಾದೆ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ನಿಮ್ಮ ಮಗಳಿಗೆ ಬೆಂಗಳೂರಿನಲ್ಲಿ ಏನು ಹೇಳಿಕೊಟ್ಟಿದ್ದೀರೋ ಅದನ್ನೇ ಇಲ್ಲೂ ಹೇಳಿಕೊಡಿ. ಎಲ್ಲರೂ ಗುರುತಿನವರೇ ಅಂತ ಸಡಿಲ ಬಿಡಬೇಡಿ. ಮಕ್ಕಳ ಸಹಾಯವಾಣಿ 1098.

ಈಗ ನಿಜವಾಗಿ ಹೆದರಬೇಕಾದ ವಿಷಯಕ್ಕೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಅದು ರಸ್ತೆ. ಈ 26 ವರ್ಷದಲ್ಲಿ ನನಗೆ ಗುರುತಿದ್ದವರಲ್ಲಿ ಕಳ್ಳರಿಂದ ಸತ್ತವರು ಒಬ್ಬರೂ ಇಲ್ಲ. ರಸ್ತೆಯಲ್ಲಿ ಹೋದವರು ಐದು ಜನ. ತಿರುವು, ಮಳೆ, ಮಂಜು, ಅದರ ಮೇಲೆ ಶನಿವಾರ ಭಾನುವಾರ ಬೆಟ್ಟ ನೋಡಲು ಬಂದವರ ಅವಸರ. ಕೊಟ್ಟಿಗೆಹಾರ ದಾಟಿದ ಮೇಲೆ ಚಾರ್ಮಾಡಿ ಘಾಟಿ. ಎದುರಿನ ಗಾಡಿಯ ಲೈಟೇ ಕಾಣದಷ್ಟು ಮಂಜು ಬೀಳುತ್ತದೆ. 2019ರ ಆಗಸ್ಟ್ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಘಾಟಿ ಇಲ್ಲದ ಊರಲ್ಲೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಹಾಸನದ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿದ್ದು ಕೇಳಿರುತ್ತೀರಿ. ಸತ್ತವರಲ್ಲಿ ಹೆಚ್ಚಿನವರು ಹುಡುಗರು. ನೀವು ಸ್ಕೂಟರ್ ತರುತ್ತಿದ್ದರೆ ಮಗಳಿಗೂ ಒಂದು ಹೆಲ್ಮೆಟ್ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತಲಾದ ಮೇಲೆ ಗಾಡಿ ತೆಗೆಯಲೇಬೇಡಿ.

ಎರಡನೆಯದು ಆನೆ. ನಗಬೇಡಿ. 2022ರ ನವೆಂಬರ್‌ನಲ್ಲಿ ನಮ್ಮ ತಾಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಒಬ್ಬ ಹೆಣ್ಣುಮಗಳು ಆನೆ ದಾಳಿಗೆ ಸತ್ತಾಗ ಜನ ಎಷ್ಟು ಸಿಟ್ಟಿಗೆದ್ದಿದ್ದರು ಅಂತ ನಾನು ಕಂಡಿದ್ದೇನೆ. ಒಂದು ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ಪಕ್ಕದ ಹಳ್ಳದಲ್ಲಿ ಬೈನೆ ಮರ ಲಟಲಟ ಮುರಿಯುವ ಸದ್ದು ಕೇಳಿಸಿತು. ಕಣ್ಣಿಗೆ ಏನೂ ಕಾಣಲಿಲ್ಲ. ಆ ಸದ್ದು ಮತ್ತು ಲದ್ದಿಯ ವಾಸನೆ, ಅಷ್ಟೇ. ಸದ್ದಿಲ್ಲದೆ ಕ್ಯಾನು ಅಲ್ಲೇ ಇಟ್ಟು ಹಿಂದಕ್ಕೆ ನಡೆದು ಬಂದೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಆನೆ ಎಲ್ಲಿದೆ ಅಂತ ದಿನಾ ಬರುತ್ತದೆ. ಬಂದ ವಾರವೇ ಆ ಗ್ರೂಪಿಗೆ ಸೇರಿಕೊಳ್ಳಿ. ಅರಣ್ಯ ಇಲಾಖೆ ಸಹಾಯವಾಣಿ 1926. ಪೇಟೆ ಒಳಗೆ ಮನೆ ಮಾಡಿದರೆ ಈ ತಲೆನೋವು ಅಷ್ಟಾಗಿ ಇರುವುದಿಲ್ಲ.

ಮೂರನೆಯದು ದೂರ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ 11.37 ಲಕ್ಷ ಜನ, ಜಾಗ ಸುಮಾರು 7,200 ಚದರ ಕಿ.ಮೀ. ಅಂದರೆ ಒಂದು ಚದರ ಕಿ.ಮೀ.ಗೆ 158 ಜನ. ಏನೇ ಆಗಲಿ, ಸಹಾಯ ಬರಲು ಹೊತ್ತು ಹಿಡಿಯುತ್ತದೆ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ 30 ಕಿ.ಮೀ. ತಲೆಗೆ ಜೋರು ಪೆಟ್ಟಾದರೆ ಹಾಸನ ಇಲ್ಲವೇ ಮಂಗಳೂರಿಗೆ ಓಡಬೇಕು.

ಮೂರು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಯಾರೋ ಕುಡಿದವನು ನಮ್ಮ ಗೇಟು ಬಡಿದು ಕೂಗಾಡಿದ. ನಾನು, ಅತ್ತೆ, ಅಷ್ಟೇ. ಕರೆಂಟ್ ಇರಲಿಲ್ಲ. ಒಳಗೆ ನೆಟ್‌ವರ್ಕ್ ಸಿಗುವುದು ಅಡುಗೆಮನೆ ಕಿಟಕಿ ಹತ್ತಿರ ಮಾತ್ರ. ಅಲ್ಲಿ ನಿಂತು ತುರ್ತು ಸಹಾಯದ ನಂಬರ್ 112ಕ್ಕೆ ಫೋನ್ ಮಾಡಿದೆ. ತಕ್ಷಣ ಎತ್ತಿದರು, ಒಳ್ಳೆಯ ಮಾತಿನಲ್ಲೇ ವಿಚಾರಿಸಿದರು. ಆದರೆ ಮನೆ ದಾರಿ ಹೇಳುವುದೇ ಕಷ್ಟವಾಯಿತು. ಗಾಡಿ ಬರಲು 40 ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಆಚೆ ತೋಟದ ಅಣ್ಣನಿಗೂ ಫೋನ್ ಮಾಡಿದ್ದೆ. ಐದೇ ನಿಮಿಷದಲ್ಲಿ ಕಾಫಿ ಗಿಡಗಳ ನಡುವೆ ಮೂರು ಟಾರ್ಚ್ ಲೈಟು ಇಳಿದು ಬಂತು. ಅವತ್ತು ನಮ್ಮನ್ನು ಕಾಪಾಡಿದ್ದು ಆ ಲೈಟು.

ಅದಕ್ಕೇ ಹೇಳುವುದು, ಬಂದ ಮೇಲೆ ಬಾಗಿಲು ಹಾಕಿಕೊಂಡು ಇರಬೇಡಿ. ನಾಲ್ಕು ಜನಕ್ಕೆ ಗುರುತಾಗಿ. ಅಕ್ಕಪಕ್ಕದ ಎರಡು ಮನೆ, ಒಬ್ಬರು ಆಟೋದವರು, ಮತ್ತೆ ನಿಮ್ಮ ಬೀಟ್ ಪೊಲೀಸ್ (ನಿಮ್ಮ ಬೀದಿಯನ್ನು ನೋಡಿಕೊಳ್ಳುವ ಪೊಲೀಸ್), ಇವರ ನಂಬರ್ ನಿಮ್ಮ ತಾಯಿಯ ಫೋನಿನಲ್ಲೂ ಇರಲಿ. ಬೀಟ್ ಪೊಲೀಸ್ ಯಾರು ಅಂತ ಠಾಣೆಗೆ ಹೋಗಿ ಕೇಳಿದರೆ ಹೇಳುತ್ತಾರೆ, ಅದಕ್ಕೆ ಯಾವ ಸಂಕೋಚವೂ ಬೇಡ. ಮನೆಯ ಲೊಕೇಶನ್ ಅನ್ನು ಮೊದಲೇ ವಾಟ್ಸಾಪ್‌ನಲ್ಲಿ ಅವರಿಗೆ ಕಳಿಸಿಟ್ಟಿರಿ.

ನಿಮ್ಮ ತಾಯಿಗೆ ಇನ್ನೊಂದು ಮಾತು ಹೇಳಿ. ಈಚೆಗೆ ನಮ್ಮ ಕಡೆ ವಯಸ್ಸಾದವರ ದುಡ್ಡು ಹೋಗುತ್ತಿರುವುದು ಫೋನಿನಲ್ಲೇ. ನಮ್ಮೂರಿನ ನಿವೃತ್ತ ಮೇಷ್ಟ್ರು ಒಬ್ಬರನ್ನು "ನಿಮ್ಮ ಮೇಲೆ ಕೇಸಿದೆ, ಡಿಜಿಟಲ್ ಅರೆಸ್ಟ್" ಅಂತ ಒಂದು ಇಡೀ ದಿನ ವಿಡಿಯೋ ಕಾಲ್‌ನಲ್ಲಿ ಕೂರಿಸಿದ್ದರು. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡವಾದಷ್ಟೂ ದುಡ್ಡು ಕೈಗೆ ಸಿಗುವುದಿಲ್ಲ. ನೀವು ಬ್ಯಾಂಕಿನವರು, ನಿಮಗೆ ಇದು ಗೊತ್ತು. ಕೌಂಟರಿಗೆ ಬರುವ ನಮ್ಮಂಥವರಿಗೂ ಹೇಳಿ.

ನಕ್ಸಲ್ ವಿಷಯ ನೀವು ಕೇಳಿಲ್ಲ, ಆದರೆ ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. ಅದು ಹಳೆಯ ಮಾತು. 2025ರ ಜನವರಿ 8ರಂದು ಆರು ಜನ ಶರಣಾದರು, ಫೆಬ್ರವರಿ ಮೊದಲಲ್ಲಿ ಉಳಿದವರೂ ಬಂದರು. ಡಿಸೆಂಬರ್‌ನಲ್ಲಿ ದತ್ತ ಜಯಂತಿ ಸಮಯಕ್ಕೆ, ಬಾಬಾಬುಡನ್‌ಗಿರಿ ದತ್ತಪೀಠದ ವಿವಾದ ಇರುವುದರಿಂದ, ಚಿಕ್ಕಮಗಳೂರಿನಲ್ಲಿ ಬಂದೋಬಸ್ತ್ ಜೋರಾಗಿರುತ್ತದೆ, ಚೆಕ್‌ಪೋಸ್ಟ್‌ಗಳಲ್ಲಿ ಗಾಡಿ ನಿಲ್ಲಿಸುತ್ತಾರೆ. ಆ ಎರಡು ಮೂರು ದಿನ ಪೇಟೆ ಕೆಲಸ ಇಟ್ಟುಕೊಳ್ಳದಿದ್ದರೆ ಆಯಿತು.

ಮನೆ ನೋಡಲು ಬಂದಾಗ ಮಧ್ಯಾಹ್ನ ಬರಬೇಡಿ. ಮಧ್ಯಾಹ್ನ ಇಲ್ಲಿ ಯಾವ ಮನೆ ನೋಡಿದರೂ ಚೆಂದವೇ. ಸಂಜೆ ಏಳರ ಮೇಲೆ ಬಂದು ನೋಡಿ. ಬೀದಿ ದೀಪ ಉರಿಯುತ್ತದಾ, ಮನೆ ಒಳಗೆ ಫೋನ್ ಸಿಗುತ್ತದಾ, ಪಕ್ಕದ ಮನೆಯಲ್ಲಿ ಲೈಟ್ ಇದೆಯಾ ನೋಡಿ. ತೋಟದ ನಡುವೆ ಒಂಟಿ ಮನೆ ಕಮ್ಮಿ ಬಾಡಿಗೆಗೆ ಸಿಗುತ್ತದೆ, ಮೊದಲ ವರ್ಷ ಅದು ಬೇಡ. ಪೇಟೆಯಲ್ಲೋ, ಹ್ಯಾಂಡ್‌ಪೋಸ್ಟ್ ಕಡೆಯೋ, ನಾಲ್ಕು ಮನೆ ಇರುವ ಬೀದಿಯಲ್ಲಿ ಹುಡುಕಿ. ಮಗಳ ಸ್ಕೂಲಿಗೆ ಆಟೋ ಗೊತ್ತು ಮಾಡುವ ಮೊದಲು ಅದೇ ಆಟೋದಲ್ಲಿ ಹೋಗುವ ಬೇರೆ ಮಕ್ಕಳ ತಾಯಂದಿರ ಹತ್ತಿರ ಮಾತಾಡಿ. ಯಾವ ಬೀದಿಯ ಮನೆ ಅಂತ ಕಮೆಂಟಿನಲ್ಲಿ ಬರೆಯುವುದು ಬೇಡ, ನನಗೆ ಮೆಸೇಜ್ ಮಾಡಿ. ಹೋಗಿ ನೋಡಿಕೊಂಡು ಬಂದು ಹೇಳುತ್ತೇನೆ.